ಮಲ ಪರೀಕ್ಷೆ ವರದಿಯಲ್ಲಿ 'ಬ್ಲಾಸ್ಟೊಸಿಸ್ಟಿಸ್' ಇದೆಯೇ? ಹೆಸರು ಒಂದೇ, ಜೀವಿಗಳು ಹಲವು!

ಹೊಟ್ಟೆನೋವು, ಭೇದಿ ಎಂದು ಲ್ಯಾಬ್‌ಗೆ ಹೋದವರ ಮಲ ಪರೀಕ್ಷೆ ವರದಿಯಲ್ಲಿ ಕೆಲವೊಮ್ಮೆ 'ಬ್ಲಾಸ್ಟೊಸಿಸ್ಟಿಸ್ ಹೋಮಿನಿಸ್' ಎಂಬ ಹೆಸರಿರುತ್ತದೆ. ಗೂಗಲ್‌ನಲ್ಲಿ ಹುಡುಕಿದರೆ 'ಪರಾವಲಂಬಿ' ಎಂದು ಕಾಣಿಸಿ ಆತಂಕ ಇನ್ನಷ್ಟು ಹೆಚ್ಚುತ್ತದೆ. ಆದರೆ ಜಗತ್ತಿನ 100 ಕೋಟಿಗೂ ಹೆಚ್ಚು ಜನರ ಕರುಳಿನಲ್ಲಿ ಈ ಏಕಕೋಶ ಜೀವಿ ಇದೆ ಎಂಬ ಅಂದಾಜಿದೆ. ಅನೇಕರಿಗೆ ಅದು ಇರುವುದೇ ಗೊತ್ತಾಗುವುದಿಲ್ಲ. ಸೆನೆಗಲ್‌ನಲ್ಲಿ 93 ಮಕ್ಕಳನ್ನು ಪರೀಕ್ಷಿಸಿದಾಗ, ಹೊಟ್ಟೆ ಕೆಟ್ಟವರು, ಆರೋಗ್ಯವಾಗಿದ್ದವರು ಎನ್ನದೆ ಅಷ್ಟೂ ಮಕ್ಕಳಲ್ಲಿ ಇದು ಸಿಕ್ಕಿತ್ತು.

ಅಡಿಕೆ ಕೊಳೆರೋಗದ ದೂರದ ನೆಂಟ

1912ರಲ್ಲಿ ಈ ಹೆಸರು ಬಂದ ಮೇಲೆ ಹಲವು ದಶಕ ಇದನ್ನು ನಿರುಪದ್ರವಿ ಯೀಸ್ಟ್ ಎಂದೇ ಭಾವಿಸಲಾಗಿತ್ತು. 1996ರಲ್ಲಿ ಜೀನ್ ಪರಿಶೀಲಿಸಿದಾಗ ಇದರ ಬಂಧುಗಳು ಬೇರೆಯೇ ಎಂದು ತಿಳಿಯಿತು: ಕಂದು ಕಡಲಪಾಚಿ, ಡಯಾಟಮ್, ಜೊತೆಗೆ ಮಲೆನಾಡು-ಕರಾವಳಿಯ ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರಾ. ಅದನ್ನೂ ಜನ ಇಂದಿಗೂ ಶಿಲೀಂಧ್ರ ಎಂದೇ ಕರೆಯುತ್ತಾರೆ!

ಆಕಾರ ನೋಡಿ ಹೇಳಲಾಗದು

ಬ್ಲಾಸ್ಟೊಸಿಸ್ಟಿಸ್‌ಗೆ ಒಂದೇ ರೂಪವಿಲ್ಲ. ನಡುವೆ ದೊಡ್ಡ ಗುಳ್ಳೆಯಿರುವ ಗುಂಡನೆಯ ಕೋಶ, ಒಳಗೆ ಹರಳು ತುಂಬಿದಂತೆ ಕಾಣುವ ಕೋಶ, ಅಮೀಬಾದಂಥ ರೂಪ, ದಪ್ಪ ಗೋಡೆಯ ಸಿಸ್ಟ್ ಹೀಗೆ ಬದಲಾಗುತ್ತದೆ. ಸಿಸ್ಟ್ ಸಾಮಾನ್ಯವಾಗಿ 3ರಿಂದ 5 ಮೈಕ್ರಾನ್ ಇದ್ದರೆ, ಗುಳ್ಳೆ ರೂಪ ಅಪರೂಪಕ್ಕೆ 200 ಮೈಕ್ರಾನ್‌ವರೆಗೂ ಬೆಳೆಯುತ್ತದೆ.

ನಿಜವಾದ ವ್ಯತ್ಯಾಸ ಇರುವುದು ಜೀನ್‌ಗಳಲ್ಲಿ. ಹಾಗಾಗಿ ವಿಜ್ಞಾನಿಗಳು ಇದನ್ನು ಎಸ್‌ಟಿ1, ಎಸ್‌ಟಿ2 ಎಂದು ಉಪವಿಧಗಳಾಗಿ ವಿಂಗಡಿಸಿದ್ದಾರೆ. ಮನುಷ್ಯರಲ್ಲಿ ಹೆಚ್ಚಾಗಿ ಎಸ್‌ಟಿ1ರಿಂದ ಎಸ್‌ಟಿ4, ಹಂದಿಗಳಲ್ಲಿ ಎಸ್‌ಟಿ5, ಹಕ್ಕಿಗಳಲ್ಲಿ ಎಸ್‌ಟಿ6 ಮತ್ತು ಎಸ್‌ಟಿ7, ದನಗಳಲ್ಲಿ ಎಸ್‌ಟಿ10 ಕಾಣಸಿಗುತ್ತವೆ. ಈ ಗಡಿ ಗಟ್ಟಿಯಲ್ಲ. ಕೋತಿಗಳ ಎಸ್‌ಟಿ8 ಮೃಗಾಲಯದ ಸಿಬ್ಬಂದಿಯಲ್ಲೂ ಕಂಡುಬಂದಿದೆ. 2017ರಲ್ಲಿ ಎಸ್‌ಟಿ1, ಎಸ್‌ಟಿ4, ಎಸ್‌ಟಿ7ಗಳ ಜೀನೋಮ್ ಹೋಲಿಸಿದಾಗ ಜೀನ್‌ಗಳ ಪಟ್ಟಿಯಲ್ಲೇ ಸುಮಾರು ಶೇ 20ರವರೆಗೂ ವ್ಯತ್ಯಾಸ ಸಿಕ್ಕಿತು. ಇಷ್ಟು ಬೇರೆಯಾದವನ್ನು ಒಂದೇ ಜೀವಿ ಎನ್ನುವುದು ಕಷ್ಟ. ಮನುಷ್ಯನದ್ದು ಎಂಬರ್ಥದ 'ಹೋಮಿನಿಸ್' ಕೂಡ ಹೊಂದುವುದಿಲ್ಲ, ಆದರೂ ಲ್ಯಾಬ್ ವರದಿಗಳಲ್ಲಿ ಉಳಿದುಕೊಂಡಿದೆ.

ಔಷಧಿ ಬೇಕೇ?

ಸಾಮಾನ್ಯ ಮಲ ಪರೀಕ್ಷೆ ಉಪವಿಧವನ್ನು ಹೇಳುವುದಿಲ್ಲ, ಅದಕ್ಕೆ ಡಿಎನ್‌ಎ ಪರೀಕ್ಷೆಯೇ ಆಗಬೇಕು. ಯಾವ ಉಪವಿಧ ಕಾಯಿಲೆ ತರುತ್ತದೆ ಎಂಬ ಬಗ್ಗೆ ಸಂಶೋಧಕರಲ್ಲೂ ಒಮ್ಮತವಿಲ್ಲ. 32 ದೇಶಗಳ 56,989 ಜನರ ಮಾಹಿತಿ ಆಧರಿಸಿ 2024ರಲ್ಲಿ 'ಸೆಲ್' ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಆರೋಗ್ಯಕರ ಆಹಾರ ಸೇವಿಸುವವರಲ್ಲಿ ಮತ್ತು ಹೃದಯ-ಚಯಾಪಚಯದ ಸ್ಥಿತಿ ಉತ್ತಮವಾಗಿರುವವರಲ್ಲಿ ಇದು ಹೆಚ್ಚು. ಹಾಗೆಂದು ಇದರಿಂದಲೇ ಆರೋಗ್ಯ ಬಂತು ಎಂದರ್ಥವಲ್ಲ.

ಲಕ್ಷಣವಿಲ್ಲದವರಿಗೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಿಲ್ಲ. ಲಕ್ಷಣಗಳಿದ್ದರೆ ವೈದ್ಯರು ಮೊದಲು ಜಿಯಾರ್ಡಿಯಾದಂಥ ಬೇರೆ ಕಾರಣಗಳನ್ನು ನೋಡುತ್ತಾರೆ. ಮೆಟ್ರೊನಿಡಜೋಲ್ ಕೊಟ್ಟರೂ ಇದು ಪ್ರತಿ ಸಲ ಹೋಗುವುದಿಲ್ಲ, ಜೊತೆಗೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗೂ ಪೆಟ್ಟು. ಆದ್ದರಿಂದ ವರದಿ ನೋಡಿ ಮೆಡಿಕಲ್ ಶಾಪ್‌ನಿಂದ ತಾವೇ ಮಾತ್ರೆ ತಂದು ನುಂಗಬಾರದು. ಮಲದಲ್ಲಿ ರಕ್ತ, ತೂಕ ಇಳಿಕೆ, ನಿಲ್ಲದ ಭೇದಿ ಇದ್ದವರು ಮತ್ತು ರೋಗನಿರೋಧಕ ಶಕ್ತಿ ಕುಗ್ಗಿದವರು ತಡಮಾಡದೆ ವೈದ್ಯರನ್ನು ಕಾಣಬೇಕು.