ಬೇಲಿ ಕಾಣದ ಬಯಲು: ಲ್ಯಾಕ್ಸ್ಟನ್ ಎಂಬ ಹಳ್ಳಿಯ ಚರಿತ್ರೆ

ಇಂಗ್ಲೆಂಡಿನ ಹಳ್ಳಿಗಾಡು ಎಂದೊಡನೆ ಕಣ್ಣಿಗೆ ಕಟ್ಟುವುದು ಹಸಿರು ಗಿಡಬೇಲಿಗಳ ನಡುವಿನ ಪುಟ್ಟ ಪುಟ್ಟ ಹೊಲಗಳು. ಈ ನೋಟ ಅನಾದಿ ಕಾಲದ್ದೆಂದು ಎಷ್ಟೋ ಜನ ತಿಳಿದಿದ್ದಾರೆ. ಆ ದೇಶದ ನಡುನಾಡಿನ ಮಟ್ಟಿಗಂತೂ ಅದು ನಿಜವಲ್ಲ. ಅಲ್ಲಿ ಕಾಣುವ ಬೇಲಿಗಳಲ್ಲಿ ಬಹಳಷ್ಟು 18ನೇ ಶತಮಾನದಲ್ಲಿ ಮತ್ತು 19ನೇ ಶತಮಾನದ ಮೊದಲ ಭಾಗದಲ್ಲಿ ನೆಟ್ಟವು. ಅದಕ್ಕೂ ಮುಂಚೆ ಶತಮಾನಗಳ ಕಾಲ ಊರಿನ ಸುತ್ತ ಎರಡೋ ಮೂರೋ ದೊಡ್ಡ ಬಯಲುಗಳಿದ್ದವು. ಒಳಗೆ ಬೇಲಿಯ ಸುಳಿವಿರಲಿಲ್ಲ. ಪ್ರತಿ ರೈತನ ಜಮೀನು ಉದ್ದುದ್ದ ಪಟ್ಟಿಗಳಾಗಿ ಎಲ್ಲ ಬಯಲುಗಳಲ್ಲೂ ಚದುರಿರುತ್ತಿತ್ತು. 1604ರಿಂದ 1914ರವರೆಗೆ ಪಾರ್ಲಿಮೆಂಟು ಹೊರಡಿಸಿದ 5,200ಕ್ಕೂ ಹೆಚ್ಚು ಕಾಯಿದೆಗಳು ಸುಮಾರು 68 ಲಕ್ಷ ಎಕರೆಯನ್ನು, ಅಂದರೆ ಇಂಗ್ಲೆಂಡಿನ ನೆಲದ ಐದನೇ ಒಂದು ಪಾಲಿಗಿಂತ ತುಸು ಹೆಚ್ಚನ್ನು, ಬೇಲಿಯೊಳಗೆ ಸೇರಿಸಿದವು. ನಾಟಿಂಗ್‌ಹ್ಯಾಮ್‌ಶೈರಿನ ಲ್ಯಾಕ್ಸ್ಟನ್ ಎಂಬ ಸಣ್ಣ ಹಳ್ಳಿಯಲ್ಲಿ ಮಾತ್ರ ಮೂರು ಬಯಲುಗಳ ಪದ್ಧತಿ, ಅದನ್ನು ನಡೆಸುವ ಊರ ನ್ಯಾಯಸಭೆಯೊಂದಿಗೆ, ಇಂದಿಗೂ ಬದುಕಿದೆ. ಇದು ಅದೃಷ್ಟದಿಂದ ಉಳಿದ ಊರು ಎನ್ನುವುದು ವಾಡಿಕೆ. ಅದೃಷ್ಟದ ಪಾಲನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಯಲನ್ನು ತಾವೇ ಆಳುವ ಕೆಲಸವನ್ನು ಊರವರು ಕೈಬಿಡದೆ ನಡೆಸಿಕೊಂಡು ಬಂದದ್ದು ಅದಕ್ಕಿಂತ ದೊಡ್ಡ ಕಾರಣ ಎಂದು ನನಗೆ ತೋರುತ್ತದೆ.

ಲ್ಯಾಕ್ಸ್ಟನ್ ಇರುವುದು ನ್ಯೂವಾರ್ಕ್ ಪಟ್ಟಣದ ವಾಯವ್ಯಕ್ಕೆ, ಶೆರ್‌ವುಡ್ ಕಾಡಿನ ಪೂರ್ವ ಮಗ್ಗುಲಲ್ಲಿ. ನೆಲ ಕೆಂಪು ಜೇಡಿ. ಮಳೆ ಬಿದ್ದರೆ ನೇಗಿಲು ಹೂತುಹೋಗುವಷ್ಟು ಜಿಗುಟು. ಪಟ್ಟಿಗಳನ್ನು ಇಳಿಜಾರಿನ ಗುಂಟ ಉತ್ತದ್ದು ಸಾಲುಗಳಲ್ಲಿ ನೀರು ಹರಿದುಹೋಗಲೆಂದು. ತೀರ ತೇವದ ತಗ್ಗುಗಳನ್ನೂ ಕಡಿದಾದ ಅಂಚುಗಳನ್ನೂ ಉಳದೆ ಹುಲ್ಲಿಗೆ ಬಿಟ್ಟರು. ಊರಿನ ಉತ್ತರಕ್ಕಿರುವ ಕೋಟೆಯ ಮಣ್ಣಿನ ದಿಬ್ಬ ಒಂದು ಕಾಲದಲ್ಲಿ ಇಲ್ಲಿನ ಒಡೆಯರು ಶೆರ್‌ವುಡ್ ಅರಣ್ಯದ ವಂಶಪಾರಂಪರ್ಯದ ಪಾಲಕರಾಗಿದ್ದುದನ್ನು ನೆನಪಿಸುತ್ತದೆ. ನಮ್ಮ ವಾದಕ್ಕೆ ಕೋಟೆಗಿಂತ ಮುಖ್ಯವಾದ ಸಾಕ್ಷಿ ಊರಿನ ಬೀದಿಯೇ. ರೈತರ ಮನೆ, ಕಣಜ, ಕೊಟ್ಟಿಗೆಗಳೆಲ್ಲ ಬೀದಿಯ ಎರಡೂ ಬದಿಗೆ ಒತ್ತಾಗಿ ನಿಂತಿವೆ. ಹಿಂದೆ ಉದ್ದನೆಯ ಹಿತ್ತಿಲುಗಳಿವೆ. ಬೇಲಿ ಬಿದ್ದ ಊರುಗಳಲ್ಲಿ ಅನುಕೂಲವಿದ್ದ ರೈತರು ತಮ್ಮ ಹೊಲದ ನಡುವೆ ಒಂಟಿ ಮನೆ ಕಟ್ಟಿಕೊಂಡು ಹೊರಟುಹೋದರು. ಹೊಲ ಮೂರು ದಿಕ್ಕಿಗೂ ಹಂಚಿಹೋಗಿರುವಾಗ ಲ್ಯಾಕ್ಸ್ಟನ್ ರೈತನಿಗೆ ಊರ ನಡುವೆಯೇ ಇರುವುದು ಅನುಕೂಲ. ಪಕ್ಕದ ಮನೆಯವನು ಬಯಲಿನಲ್ಲೂ ಪಕ್ಕದ ಪಟ್ಟಿಯವನಾಗಿರಬಹುದು. ಒಂದು ಬಗೆಯ ಬೇಸಾಯ ಊರಿನ ಆಕಾರವನ್ನೇ ಹೇಗೆ ತೀರ್ಮಾನಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಸಿಗುವುದು ಕಷ್ಟ.

ಈ ಏರ್ಪಾಟು ಹಿಂದೆ ಹೇಗಿತ್ತೆಂದು ಖಚಿತವಾಗಿ ಹೇಳಲು ಸಾಧ್ಯವಾಗಿರುವುದು 1635ರಲ್ಲಿ ಮಾರ್ಕ್ ಪಿಯರ್ಸ್ ಎಂಬ ಮೋಜಣಿದಾರ ಬರೆದ ನಕ್ಷೆಯಿಂದ. ಅದು ಈಗ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಪಟ್ಟಿ ಪಟ್ಟಿಯನ್ನೂ ಗುರುತಿಸಿ, ಉಳುವವರನ್ನೂ ಕೊಯ್ಯುವವರನ್ನೂ ಅಲ್ಲಲ್ಲಿ ಚಿತ್ರಿಸಿರುವ ಈ ನಕ್ಷೆಯನ್ನು ಮಾಡಿಸಿದವನು ಊರಿನ ಅಂದಿನ ಒಡೆಯ, ಲಂಡನ್ನಿನ ವ್ಯಾಪಾರಿ ಸರ್ ವಿಲಿಯಂ ಕೋರ್ಟೀನ್. ಕನ್ನಡಿಗರಿಗೆ ಈ ಹೆಸರು ಪೂರ್ತಿ ಪರಕೀಯವಲ್ಲ. ಈಸ್ಟ್ ಇಂಡಿಯಾ ಕಂಪನಿಗೆ ಎದುರಾಳಿಯಾಗಿ ಆತ ಕಟ್ಟಿದ ವ್ಯಾಪಾರಿ ಕೂಟವೇ, ಅವನು 1636ರಲ್ಲಿ ತೀರಿಕೊಂಡ ಮೇಲೆ, ಮೆಣಸಿನ ಆಸೆಯಿಂದ ಭಟ್ಕಳಕ್ಕೂ ಕಾರವಾರಕ್ಕೂ ಬಂದು ಕೋಠಿ ತೆರೆಯಿತು. ಇಕ್ಕೇರಿಯ ವೀರಭದ್ರ ನಾಯಕನ ಬಳಿಗೆ ನಿಯೋಗ ಹೋಯಿತು. ದುಡ್ಡು ಕೊಟ್ಟು ಊರನ್ನೇ ಕೊಂಡ ಹೊಸ ಒಡೆಯನಿಗೆ ಯಾವ ಪಟ್ಟಿ ಯಾರದೆಂಬ ಲೆಕ್ಕ ಬೇಕಿತ್ತು. ಊರವರಿಗೆ ಆ ಲೆಕ್ಕ ನಕ್ಷೆಯಿಲ್ಲದೆಯೂ ಗೊತ್ತಿತ್ತು, ಏಕೆಂದರೆ ಅದನ್ನು ಕಾಯುವ ಹೊಣೆ ಅವರದೇ ಆಗಿತ್ತು.

ಆ ಹೊಣೆ ನಡೆಯುವ ಬಗೆ ಹೀಗೆ. ಬಯಲುಗಳು ಮೂರು: ದಕ್ಷಿಣ ಬಯಲು, ಪಶ್ಚಿಮ ಬಯಲು, ಗಿರಣಿ ಬಯಲು. ಒಂದರಲ್ಲಿ ಚಳಿಗಾಲಕ್ಕೆ ಮುಂಚೆ ಬಿತ್ತುವ ಗೋಧಿ, ಇನ್ನೊಂದರಲ್ಲಿ ವಸಂತದ ಬೆಳೆ, ಮೂರನೆಯದು ಬೀಳು; ಮರುವರ್ಷ ಸರದಿ ಒಂದು ಹೆಜ್ಜೆ ಮುಂದಕ್ಕೆ. ಯಾರೊಬ್ಬನೂ ತನ್ನ ಪಟ್ಟಿಯಲ್ಲಿ ಮನಸ್ಸಿಗೆ ಬಂದದ್ದನ್ನು ಬೆಳೆಯುವಂತಿರಲಿಲ್ಲ, ಏಕೆಂದರೆ ಕೊಯ್ಲಾದ ಮೇಲೆ ಕೂಳೆಯ ಮೇಲೂ ಬೀಳಿನ ಮೇಲೂ ಮೇಯುವ ಹಕ್ಕು ಎಲ್ಲರ ದನಕುರಿಗಳಿಗಿತ್ತು. ನವೆಂಬರ್ ಕೊನೆಗೆ ಊರಿನ ಪಂಚರು ಅಂದರೆ ಜ್ಯೂರಿಯವರು, ಹನ್ನೆರಡು ಜನ ಮತ್ತು ಒಬ್ಬ ಮುಖಂಡ, ಆ ವರ್ಷ ಗೋಧಿ ಬಿತ್ತಿದ ಬಯಲಿಗೆ ಹೋಗುತ್ತಾರೆ. ಪಟ್ಟಿಗಳ ಗಡಿ ಅಳೆದು ಗೂಟ ಬಡಿಯುತ್ತಾರೆ. ದಾರಿಯನ್ನು ಉತ್ತವರು, ಹುಲ್ಲಿನ ತಗ್ಗಿಗೆ ನೇಗಿಲು ಇಳಿಸಿದವರು, ನೆರೆಯವನ ನೆಲ ಒತ್ತಿದವರು ಯಾರೆಂದು ಗುರುತು ಹಾಕಿಕೊಳ್ಳುತ್ತಾರೆ. ವಾರದ ನಂತರ ಊರ ಪಬ್ಬಿನಲ್ಲಿ ಕೋರ್ಟ್ ಲೀಟ್ ಎಂಬ ಹಳೆಯ ನ್ಯಾಯಸಭೆ ಸೇರಿ ದಂಡ ವಿಧಿಸುತ್ತದೆ, ಮುಂದಿನ ವರ್ಷದ ಪಂಚರಿಗೆ ಪ್ರಮಾಣ ಬೋಧಿಸುತ್ತದೆ. ದಂಡದ ಮೊತ್ತ ಚಿಕ್ಕದು. ತಪ್ಪಿತಸ್ಥನನ್ನು ಬಗ್ಗಿಸುವುದು ಹಣವಲ್ಲ. ನೆರೆಯವರೆಲ್ಲರ ಎದುರು ಅವನ ಹೆಸರು ಓದುವುದು. ಈ ವರ್ಷ ದಂಡ ತೆತ್ತವನು ಮುಂದೊಂದು ವರ್ಷ ಪಂಚನೂ ಆಗಬಹುದು. ಕಾನೂನು ಮಾಡುವವರು, ಕಾಯುವವರು, ಅದರಡಿ ಬದುಕುವವರು ಎಲ್ಲರೂ ಒಂದೇ ಜನ.

ಬಯಲು ಉಳಿದದ್ದು ಊರವರಿಂದ ಎಂಬ ನನ್ನ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ. ಇಂಥ ನ್ಯಾಯಸಭೆ ಇಂಗ್ಲೆಂಡಿನ ನೂರಾರು ಊರುಗಳಲ್ಲಿತ್ತು, ಆದರೂ ಅವು ಬೇಲಿಯಿಂದ ತಪ್ಪಿಸಿಕೊಳ್ಳಲಿಲ್ಲ. ಲ್ಯಾಕ್ಸ್ಟನ್ ತಪ್ಪಿಸಿಕೊಂಡದ್ದು ಅರ್ಲ್ ಮ್ಯಾನ್ವರ್ಸ್ ಮತ್ತು ಅರ್ಲ್ ಸ್ಕಾರ್ಬರೋ ಎಂಬ ಎರಡು ದೊಡ್ಡ ಭೂಮಾಲೀಕ ಮನೆತನಗಳಿಗೆ ಒಮ್ಮತ ಬಾರದ್ದರಿಂದ ಎನ್ನುತ್ತಾರೆ. ಇದರಲ್ಲಿ ಸತ್ಯವಿದೆ. ಬೇಲಿ ಹಾಕುವ ವಿಷಯದಲ್ಲಿ ದೊಡ್ಡ ಜಮೀನ್ದಾರರದೇ ಮೇಲುಗೈ, ಸಣ್ಣ ರೈತರ ಮಾತಿಗೆ ತೂಕ ಕಡಿಮೆ. ಆದರೆ ಜಮೀನ್ದಾರರ ಹಟ ಬೇಲಿ ಬೀಳದಂತೆ ತಡೆಯಬಲ್ಲದೇ ಹೊರತು ಬಯಲನ್ನು ನಡೆಸಲಾರದು. ಕಾಯುವವರಿಲ್ಲದ ಬಯಲು ಒತ್ತುವರಿಯಿಂದಲೋ ಜಗಳದಿಂದಲೋ ಹತ್ತಿಪ್ಪತ್ತು ವರ್ಷಗಳಲ್ಲೇ ಕರಗಿಹೋಗುತ್ತಿತ್ತು. ಅದೃಷ್ಟ ಕೊಟ್ಟದ್ದು ಅವಕಾಶ. ಅದನ್ನು ಬಳಸಿಕೊಂಡವರು ಪಂಚರು.

ಎರಡನೆಯ ಆಕ್ಷೇಪ ಅರ್ಥಶಾಸ್ತ್ರದ್ದು. ಹಂಚಿಕೊಂಡ ನೆಲವನ್ನು ಪ್ರತಿಯೊಬ್ಬನೂ ಸ್ವಾರ್ಥಕ್ಕೆ ಹಿಂಡಿ ಹಾಳುಗೆಡಹುತ್ತಾನೆ ಎಂದು ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಬರೆದ ಲೇಖನ ಜಗತ್ತಿನಾದ್ಯಂತ ಹೆಸರಾಯಿತು. ಹಾರ್ಡಿನ್ ಊಹಿಸಿಕೊಂಡ ಗೋಮಾಳಕ್ಕೆ ಯಜಮಾನರೂ ಇಲ್ಲ, ಕಟ್ಟಳೆಯೂ ಇಲ್ಲ. ಲ್ಯಾಕ್ಸ್ಟನ್ನಿನಲ್ಲಿ ಮೇಯುವ ಹಕ್ಕು ಯಾರಿಗೆ, ಯಾವಾಗ ಎಂಬುದೆಲ್ಲ ನಿಗದಿಯಾಗಿತ್ತು. ಇಂಥ ಸ್ವಂತ ಕಟ್ಟಳೆಗಳಿಂದ ಹಂಚಿಕೆಯ ಸಂಪತ್ತು ಬಾಳಬಲ್ಲದೆಂದು ಎಲಿನರ್ ಆಸ್ಟ್ರಂ 1990ರ ತಮ್ಮ ಗ್ರಂಥದಲ್ಲಿ ಹಲವು ದೇಶಗಳ ಉದಾಹರಣೆಗಳಿಂದ ತೋರಿಸಿದರು. 2009ರಲ್ಲಿ ನೊಬೆಲ್ ಪಡೆದರು. ಬೇಲಿಯಿಂದಲೇ ಇಳುವರಿ ಹೆಚ್ಚಿತೆಂಬ ಮಾತೂ ಅಷ್ಟು ಸರಳವಲ್ಲ. ಇಂಗ್ಲೆಂಡಿನ ದಕ್ಷಿಣ ನಡುನಾಡನ್ನು ಅಧ್ಯಯನ ಮಾಡಿದ ರಾಬರ್ಟ್ ಆಲನ್, ಬೆಳೆ ಹೆಚ್ಚಿದ್ದರಲ್ಲಿ ತೆರೆದ ಬಯಲುಗಳ ರೈತರ ಪಾಲು ದೊಡ್ಡದೆಂದೂ, ಬೇಲಿ ಬಿದ್ದ ಮೇಲೆ ಮುಖ್ಯವಾಗಿ ಏರಿದ್ದು ಗೇಣಿಯೆಂದೂ ವಾದಿಸಿದ್ದಾರೆ. ಬೇಲಿಯ ಕಟ್ಟಾ ಪ್ರಚಾರಕನಾಗಿದ್ದ ಆರ್ಥರ್ ಯಂಗ್ ಕೂಡ 1801ರ ಹೊತ್ತಿಗೆ, ಬಡವರ ಹಸು ಮೇಯಲು ನೆಲ ಬಿಡಲೇಬೇಕೆಂದು ಬರೆಯುವಂತಾಯಿತು.

ಇಂದಿನ ಲ್ಯಾಕ್ಸ್ಟನ್ ಬರಿಯ ವಸ್ತುಸಂಗ್ರಹಾಲಯವಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ. ಅದು ಬದಲಾಗಿದೆ, ಬಹಳವೇ ಬದಲಾಗಿದೆ. ತೆರೆದ ಬಯಲಾಗಿ ಉಳಿದಿರುವುದು ಊರಿನ ಜಮೀನಿನ ಒಂದು ಪಾಲು ಮಾತ್ರ. 20ನೇ ಶತಮಾನದ ಮೊದಲ ದಶಕದಲ್ಲಿ ಸಣ್ಣ ಪಟ್ಟಿಗಳನ್ನು ಕೂಡಿಸಿ ಅಗಲ ಮಾಡಲಾಯಿತು. ಎತ್ತು, ಕುದುರೆಗಳ ಜಾಗಕ್ಕೆ ಟ್ರ್ಯಾಕ್ಟರ್ ಬಂತು. ಬೀಳಿನಲ್ಲಿ ಮೇವು ಬೆಳೆಯತೊಡಗಿದರು. ಪಂಚರು ಹೋಗುವುದೂ ಟ್ರೇಲರ್ ಹತ್ತಿಯೇ. ಕಟ್ಟಳೆಗಳನ್ನು ಕಾಲಕ್ಕೆ ತಕ್ಕಂತೆ ತಿದ್ದಿಕೊಳ್ಳಬಲ್ಲ ಊರನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟ ವಸ್ತು ಎನ್ನಲಾಗದು. ಈ ನಡುವೆ ಒಡೆತನವೂ ಕೈ ಬದಲಿಸಿತು: 1952ರಲ್ಲಿ ಅರ್ಲ್ ಮ್ಯಾನ್ವರ್ಸ್ ಊರನ್ನು ಕೃಷಿ ಸಚಿವಾಲಯಕ್ಕೆ ಮಾರಿದರು, 1981ರಲ್ಲಿ ಅದು ಕ್ರೌನ್ ಎಸ್ಟೇಟಿಗೆ ಬಂತು, 2020ರಲ್ಲಿ ಮ್ಯಾನ್ವರ್ಸ್ ಮನೆತನದ ಹಳೆಯ ಥೋರ್ಸ್‌ಬಿ ಎಸ್ಟೇಟಿಗೇ ಹಿಂತಿರುಗಿತು. ಒಡೆಯರು ಯಾರೇ ಇರಲಿ, ಗಡಿಯ ಗೂಟ ಎಲ್ಲಿ ನಿಲ್ಲಬೇಕೆಂದು ಹೇಳುವವರು ಈಗಲೂ ಊರಿನ ಪಂಚರೇ.