ಮನೆಯೊಳಗಿನ ಜರೀಗಿಡ: ಬೇರಿಗಷ್ಟೇ ಅಲ್ಲ, ಗಾಳಿಗೂ ತೇವ ಬೇಕು

ಹೂವಿಲ್ಲ, ಕಾಯಿಲ್ಲ, ಬೀಜವೂ ಇಲ್ಲ. ಆದರೂ ಎಲೆಯ ಸೊಬಗಿನಿಂದಲೇ ಮನಸೆಳೆಯುವ ಸಸ್ಯ ಜರೀಗಿಡ, ಅಂದರೆ ಫರ್ನ್. ನರ್ಸರಿಯಿಂದ ತಂದಾಗ ನಳನಳಿಸುವ ಈ ಗಿಡ ಕೆಲವೇ ವಾರಗಳಲ್ಲಿ ಎಲೆಯಂಚು ಸುಟ್ಟಂತಾಗಿ ಸೊರಗುವುದು ಹಲವರ ಅನುಭವ. ನೀರು ಸಾಲದೆಂದು ಭಾವಿಸಿ ಮತ್ತಷ್ಟು ನೀರೆರೆದರೆ ಬೇರು ಕೊಳೆಯುತ್ತದೆ. ಇಂಥ ಸಂದರ್ಭದಲ್ಲಿ ಹೆಚ್ಚಾಗಿ ಕೊರತೆಯಿರುವುದು ಮಣ್ಣಿನ ತೇವದ್ದಲ್ಲ, ಗಾಳಿಯ ತೇವದ್ದು.

ಬಾಟಲಿ ಕಲಿಸಿದ ಪಾಠ

1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಪತಂಗದ ಕೋಶವೊಂದನ್ನು ತೇವದ ಮಣ್ಣಿನೊಂದಿಗೆ ಬಾಟಲಿಯಲ್ಲಿ ಮುಚ್ಚಿಟ್ಟಿದ್ದರು. ಕಲ್ಲಿದ್ದಲ ಹೊಗೆ ಕವಿದ ಅವರ ತೋಟದಲ್ಲಿ ಬದುಕದ ಜರೀಗಿಡ ಆ ಬಾಟಲಿಯಲ್ಲಿ ತಾನಾಗಿಯೇ ಮೊಳೆಯಿತು. ಮಣ್ಣಿನಿಂದ ಆವಿಯಾದ ನೀರು ಗಾಜಿನ ಮೇಲೆ ಹನಿಗಟ್ಟಿ ಮತ್ತೆ ಮಣ್ಣಿಗಿಳಿಯುತ್ತಿತ್ತು. ಈ ಅವಲೋಕನದಿಂದ ಹುಟ್ಟಿದ ಗಾಜಿನ ಪೆಟ್ಟಿಗೆಯೇ ಇಂದಿನ ಟೆರೇರಿಯಮ್‌ಗಳ ಪೂರ್ವಜ.

ಮಲೆನಾಡಿನ ತೊರೆಗಳ ಬದಿಯಲ್ಲಿ, ಮರದ ನೆರಳಿನಲ್ಲಿ ಜರೀಗಿಡ ಸೊಂಪಾಗಿ ಬೆಳೆಯುವುದಕ್ಕೂ ಇದೇ ಕಾರಣ. ಕರಾವಳಿಯ ಮನೆಗಳಲ್ಲಿ ಗಾಳಿಯ ತೇವ ಸಹಜವಾಗಿಯೇ ದೊರೆಯುತ್ತದೆ. ಬೆಂಗಳೂರಿನಲ್ಲಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ, ಉತ್ತರ ಕರ್ನಾಟಕದಲ್ಲಿ ಬೇಸಿಗೆಯುದ್ದಕ್ಕೂ ಅದನ್ನು ನಾವೇ ಒದಗಿಸಬೇಕು.

ತಟ್ಟೆಯಲ್ಲಿ ಬೆಣಚುಕಲ್ಲು ಹರಡಿ, ಕಲ್ಲು ಮುಳುಗದಷ್ಟು ನೀರು ತುಂಬಿ ಅದರ ಮೇಲೆ ಕುಂಡವಿಡಿ. ಕುಂಡದ ತಳ ನೀರಿಗೆ ತಾಗಬಾರದು. ಹಲವು ಗಿಡಗಳನ್ನು ಗುಂಪಾಗಿಟ್ಟರೂ ಸುತ್ತಲಿನ ತೇವ ಹೆಚ್ಚುತ್ತದೆ. ಸ್ನಾನದ ಮನೆಯಲ್ಲಿ ಬೆಳಕಿನ ಕಿಟಕಿಯಿದ್ದರೆ ಅದೂ ಒಳ್ಳೆಯ ಜಾಗವೇ. ಫ್ಯಾನ್ ಹಾಗೂ ಏ.ಸಿ.ಯ ಗಾಳಿ ನೇರವಾಗಿ ಬೀಸುವಲ್ಲಿ ಮಾತ್ರ ಗಿಡವಿಡಬೇಡಿ.

ಬೆಳಕು, ಮಣ್ಣು, ನೀರು

ಉತ್ತರ ಅಥವಾ ಪೂರ್ವದ ಕಿಟಕಿಯ ಬಳಿಯ ಮಂದ ಬೆಳಕು ಉತ್ತಮ. ಮಧ್ಯಾಹ್ನದ ಬಿಸಿಲು ಎಲೆಯನ್ನು ಸುಡುತ್ತದೆ. ಕೆಂಪುಮಣ್ಣು, ಎಲೆಗೊಬ್ಬರ ಮತ್ತು ತೆಂಗಿನ ನಾರಿನ ಪುಡಿಯನ್ನು ಸಮಪ್ರಮಾಣದಲ್ಲಿ ಬೆರೆಸಿ, ನೀರು ಬಸಿಯಲು ಸ್ವಲ್ಪ ಮರಳು ಸೇರಿಸಿ. ಮಣ್ಣಿನ ಮೇಲ್ಪದರ ಮುಟ್ಟಿದಾಗ ಒಣಗತೊಡಗಿದೆ ಎನಿಸಿದಾಗಲೇ ನೀರೆರೆಯಿರಿ. ಗಡಸಾದ ಕೊಳವೆಬಾವಿ ನೀರಿನಿಂದ ಮಣ್ಣಿನಲ್ಲಿ ಲವಣ ಸೇರುವುದರಿಂದ ಮಳೆನೀರು ಲೇಸು. ಚಿಗುರುವ ತಿಂಗಳುಗಳಲ್ಲಿ, ಸೂಚಿಸಿದ್ದರ ಅರ್ಧದಷ್ಟು ದ್ರವಗೊಬ್ಬರವನ್ನು ತಿಂಗಳಿಗೊಮ್ಮೆ ಕೊಟ್ಟರೆ ಸಾಕು.

ಆಯ್ಕೆ ಹೇಗೆ?

ಹೊಸಬರಿಗೆ ಬಾಸ್ಟನ್ ಫರ್ನ್ ಅನುಕೂಲಕರ. ದಪ್ಪ ಎಲೆಯ ಬರ್ಡ್ಸ್ ನೆಸ್ಟ್ ಫರ್ನ್ ಒಣಗಾಳಿಯನ್ನು ತುಸು ಹೆಚ್ಚು ತಾಳುತ್ತದೆ. ಆದರೆ ಅದರ ನಡುಸುಳಿಗೆ ನೀರು ಹುಯ್ದರೆ ಕೊಳೆಯುತ್ತದೆ. ನವಿರಾದ ಮೇಡನ್‌ಹೇರ್ ಫರ್ನ್ ಒಮ್ಮೆ ಒಣಗಿದರೂ ಮುದುಡಿಬಿಡುತ್ತದೆ. ಆಸ್ಪರಾಗಸ್ ಫರ್ನ್ ಹೆಸರಿಗಷ್ಟೇ ಫರ್ನ್. ಅದು ಹೂಬಿಡುವ ಸಸ್ಯ, ಅದರ ಹಣ್ಣು ನಾಯಿ, ಬೆಕ್ಕುಗಳಿಗೆ ಒಳ್ಳೆಯದಲ್ಲ. ಕಾಡಿನಿಂದ ಗಿಡ ಕಿತ್ತು ತರುವುದು ಬೇಡ. ಅದು ಕಾಡಿಗೂ ನಷ್ಟ. ನೆಲೆ ಬದಲಾದ ಗಿಡವೂ ಮನೆಯಲ್ಲಿ ಉಳಿಯುವುದು ಕಷ್ಟ.

ಕಂದು ಚುಕ್ಕೆ ಕಂಡು ಗಾಬರಿಯಾಗದಿರಿ

ಎಲೆಯ ಅಡಿಯಲ್ಲಿ ಸಾಲಾಗಿ, ಕ್ರಮಬದ್ಧವಾಗಿ ಮೂಡುವ ಕಂದು ಚುಕ್ಕೆಗಳು ರೋಗವಲ್ಲ. ವಂಶಾಭಿವೃದ್ಧಿಯ ಬೀಜಾಣುಗಳ ಗುಂಪುಗಳು. ಅವಕ್ಕೆ ಔಷಧಿ ಸಿಂಪಡಿಸಬಾರದು. ಚುಕ್ಕೆಗಳು ಅಡ್ಡಾದಿಡ್ಡಿಯಾಗಿ ಕಾಂಡದ ಮೇಲೂ ಇದ್ದು, ಅಂಟಂಟಾಗಿ, ಉಗುರಿಗೆ ಕಿತ್ತುಬರುವಂತಿದ್ದರೆ ಮಾತ್ರ ಅದು ಶಲ್ಕಕೀಟ. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಹೆಚ್ಚು ಬಾಧಿತ ಎಲೆಗಳನ್ನು ಕತ್ತರಿಸಿ.

ಎಲ್ಲ ಎಲೆಗಳೂ ಒಣಗಿದವೆಂದು ಕುಂಡವನ್ನು ಕೂಡಲೇ ಎಸೆಯಬೇಡಿ. ಮಣ್ಣಿನ ಮಟ್ಟದಲ್ಲಿರುವ ಕಾಂಡ ಒತ್ತಿದಾಗ ಗಟ್ಟಿಯಾಗಿದ್ದರೆ ಜೀವವಿದೆಯೆಂದೇ ತಿಳಿಯಿರಿ. ಒಣ ಎಲೆಗಳನ್ನು ಬುಡದವರೆಗೆ ಕತ್ತರಿಸಿ, ನೆರಳಿನಲ್ಲಿಟ್ಟು, ತೇವ ಕಾಪಾಡಿದರೆ ಕೆಲವು ವಾರಗಳಲ್ಲಿ ಸುರುಳಿ ಸುತ್ತಿದ ಹೊಸ ಚಿಗುರು ಕಾಣಿಸಿಕೊಳ್ಳಬಹುದು.