ಬಿಳಿ ಸೀಡರ್

ಉತ್ತರ ಅಮೆರಿಕದ ಮಹಾ ಸರೋವರಗಳ ಆಸುಪಾಸಿನಲ್ಲೂ ಕೆನಡಾದ ಆಗ್ನೇಯ ಭಾಗದಲ್ಲೂ ಸಹಜವಾಗಿ ಬೆಳೆಯುವ ನಿತ್ಯಹರಿದ್ವರ್ಣದ ಶಂಕುಧಾರಿ ಮರ. ಸೈಪ್ರೆಸ್ ಕುಟುಂಬಕ್ಕೆ ಸೇರಿದ ಇದರ ವೈಜ್ಞಾನಿಕ ಹೆಸರು ಥೂಜಾ ಆಕ್ಸಿಡೆಂಟಾಲಿಸ್. ಭಾರತದ ಉದ್ಯಾನಗಳಲ್ಲಿ ಥೂಜಾ ಎಂದು ಕರೆಸಿಕೊಳ್ಳುವ ಗಿಡ ಸಾಮಾನ್ಯವಾಗಿ ಇದಲ್ಲ, ಪೂರ್ವ ಏಷ್ಯಾ ಮೂಲದ ಇದರ ಬಂಧು.

ಮರ ಸಾಮಾನ್ಯವಾಗಿ 12ರಿಂದ 15 ಮೀಟರ್ ಎತ್ತರ ಬೆಳೆಯುತ್ತದೆ. ಎಲೆಗಳು ಮೀನಿನ ಹುರುಪೆಯಂತೆ ಒಂದರ ಮೇಲೊಂದು ಒತ್ತಿ ಕೂತಿರುತ್ತವೆ. ಶಂಕುಗಳ ಉದ್ದ ಸುಮಾರು 1 ಸೆಂ.ಮೀ. ಕಟ್ಟಿಗೆ ಹಗುರ, ಬೇಗ ಕೊಳೆಯದು. ಬೇಲಿಗೂಟಕ್ಕೂ ದೋಣಿಯ ಪಕ್ಕೆಲುಬುಗಳಿಗೂ ಬಳಕೆಯಾಗಿದೆ. ನಯಾಗರಾ ಬಂಡೆಸಾಲಿನ ಸುಣ್ಣಕಲ್ಲಿನ ಬಿರುಕುಗಳಲ್ಲಿ ಕುಬ್ಜವಾಗಿಯೇ ಉಳಿದ ಕೆಲವು ಮರಗಳು ಸಾವಿರ ವರ್ಷ ದಾಟಿವೆ. 1535–36ರ ಚಳಿಗಾಲದಲ್ಲಿ ಫ್ರೆಂಚ್ ನಾವಿಕ ಜಾಕ್ ಕಾರ್ಟಿಯೆಯ ಸಂಗಡಿಗರು ಸ್ಕರ್ವಿ ರೋಗಕ್ಕೆ ತುತ್ತಾದಾಗ, ಈಗಿನ ಕ್ವಿಬೆಕ್ ಪ್ರದೇಶದ ಮೂಲನಿವಾಸಿಗಳು ಒಂದು ಮರದ ಕಷಾಯ ಕೊಟ್ಟು ಬದುಕಿಸಿದರು. ಅದು ಈ ಮರವೇ ಎಂದು ಹಲವರ ಅಭಿಪ್ರಾಯ.

ಬೇಸಾಯಕ್ಕೆ ತೇವವಿದ್ದೂ ನೀರು ನಿಲ್ಲದ, ತಟಸ್ಥ ಅಥವಾ ಸ್ವಲ್ಪ ಕ್ಷಾರೀಯ ಮಣ್ಣು ಒಳ್ಳೆಯದು. ಬಿಸಿಲು ಸಾಕಷ್ಟಿದ್ದರೆ ಹಸಿರು ದಟ್ಟವಾಗುತ್ತದೆ. ನೆರಳಿನಲ್ಲಿ ಕೊಂಬೆಗಳು ವಿರಳವಾಗುತ್ತವೆ. ಬೀಜದಿಂದಲೂ ಕಡ್ಡಿಯಿಂದಲೂ ಸಸಿ ಮಾಡಬಹುದು. ಜೌಗಿನಲ್ಲಿ ನೆಲಕ್ಕೆ ತಾಗಿದ ಕೊಂಬೆ ತಾನಾಗಿಯೇ ಬೇರು ಬಿಡುವುದುಂಟು.

ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯನ್ನೂ ತಾಳುವ ಈ ಮರ ಸೊರಗುವುದು ಚಳಿಗಾಲದ ಒಣಗುವಿಕೆಯಿಂದ. ಬಿಸಿಲು, ಒಣಗಾಳಿ ಎಲೆಯ ತೇವ ಹೀರುತ್ತಿರುವಾಗ ಹೆಪ್ಪುಗಟ್ಟಿದ ನೆಲದಲ್ಲಿರುವ ಬೇರು ನೀರೊದಗಿಸಲಾರದು. ವಸಂತದ ಹೊತ್ತಿಗೆ ಗಾಳಿ, ಬಿಸಿಲಿಗೆ ಒಡ್ಡಿದ ಮಗ್ಗುಲು ಕಂದಾಗಿರುತ್ತದೆ. ಆದ್ದರಿಂದ ಎಳೆಯ ಗಿಡಗಳಿಗೆ ನೆಲ ಹೆಪ್ಪುಗಟ್ಟುವವರೆಗೂ ನೀರುಣಿಸಿ, ಬುಡಕ್ಕೆ ತೊಗಟೆಚೂರು ಹೊದಿಸಿ, ಗಾಳಿ ಬೀಸುವ ಕಡೆ ಗೋಣಿತಟ್ಟಿನ ಪರದೆ ಕಟ್ಟುತ್ತಾರೆ. ಶರತ್ಕಾಲದಲ್ಲಿ ಒಳಗಿನ ಹಳೆಯ ಎಲೆಗಳು ಕಂದಾಗಿ ಉದುರುವುದು ಮಾತ್ರ ಸಹಜ. ಅದಕ್ಕೆ ಮದ್ದು ಬೇಕಿಲ್ಲ.

ಬೇಲಿಗಿಡವಾಗಿ ಬೆಳೆಸಿದಾಗ ಸವರುವಿಕೆ ಹಸಿರು ಭಾಗಕ್ಕಷ್ಟೇ ಸೀಮಿತವಾಗಿರಬೇಕು. ಎಲೆಯಿಲ್ಲದ ಹಳೆಯ ಕೊಂಬೆವರೆಗೆ ಕತ್ತರಿಸಿದರೆ ಮತ್ತೆ ಚಿಗುರುವುದು ಅಪರೂಪ. ಎಲೆಕೊರಕ ಹುಳು, ಚೀಲದ ಹುಳುಗಳ ಕಾಟವಿದ್ದರೂ ಬಿಳಿಬಾಲದ ಜಿಂಕೆಯ ಹಾವಳಿಯ ಮುಂದೆ ಅದು ಅಲ್ಪ. ಹಿಮಕಾಲದಲ್ಲಿ ಜಿಂಕೆಗೆ ಇದು ಮೆಚ್ಚಿನ ಮೇವು. ಅವು ಹೆಚ್ಚಿರುವ ಕಡೆ ತಂತಿಬೇಲಿಯಿಲ್ಲದೆ ಇದನ್ನು ನೆಡುವುದು ವ್ಯರ್ಥ ಶ್ರಮ.